ಕೆಲಸ ಕಲಿಯಲು ಯಾವ ಸಂತರು?

"ಸಂತರ ಬಗ್ಗೆ ಇಷ್ಟೆಲ್ಲ ಓದ್ತೀರಲ್ಲ, ನಮ್ಮ ದಿನದ ಕೆಲಸಕ್ಕೆ ಅದರಿಂದ ಏನು ಉಪಯೋಗ?" ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಿಗೆ ಜಾಸ್ತಿ ಕೆಲಸ ಮುಗಿಸುವ ಗುಟ್ಟು ಬೇಕಿರುತ್ತದೆ. ನಾನು ಕಲಿತದ್ದು ಕೆಲಸ ನಿಲ್ಲಿಸುವುದನ್ನು. ಕಲಿಸಿದವರು ಕ್ರೈಸ್ತ ಸಂತ ಬೆನೆಡಿಕ್ಟ್.

6ನೇ ಶತಮಾನದಲ್ಲಿ ಇಟಲಿಯ ಮೋಂಟೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿದವರು ಅವರು. ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಾವಳಿ ಬರೆದರು. ಸೋಮಾರಿತನ ಆತ್ಮದ ಶತ್ರು ಎನ್ನುತ್ತದೆ 48ನೇ ಅಧ್ಯಾಯ. ಬೇಸಿಗೆಯ ದಿನಚರಿಯೂ ಅಲ್ಲೇ ಇದೆ: ಬೆಳಿಗ್ಗೆ ಮೈ ಬಗ್ಗಿಸಿ ದುಡಿಮೆ, ಆಮೇಲೆ ಓದು, ಊಟವಾದ ಮೇಲೆ ಹಾಸಿಗೆಯಲ್ಲಿ ವಿಶ್ರಾಂತಿ, ಮತ್ತೆ ಸಂಜೆವರೆಗೆ ದುಡಿಮೆ. ಮಧ್ಯಾಹ್ನದ ವಿಶ್ರಾಂತಿಗೂ ನಿಯಮದಲ್ಲೇ ಜಾಗ ಕೊಟ್ಟಿದ್ದಾರೆ, ನೋಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 43ನೇ ಅಧ್ಯಾಯ. ಪ್ರಾರ್ಥನೆಯ ಕರೆ ಕೇಳಿದ ಕೂಡಲೇ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಹೊರಡಬೇಕು. "ಇದೊಂದು ಮುಗಿಸಿ ಬರ್ತೀನಿ" ಅನ್ನುವ ಹಾಗಿಲ್ಲ. ಈ ಅಭ್ಯಾಸ ಬೆನೆಡಿಕ್ಟರಿಗಿಂತ ಹಳೆಯದು. ಈಜಿಪ್ಟಿನ ಸನ್ಯಾಸಿಗಳ ಬಗ್ಗೆ 5ನೇ ಶತಮಾನದ ಸನ್ಯಾಸಿ-ಲೇಖಕ ಕಾಸಿಯನ್ ಬರೆದಿದ್ದಾರೆ: ಬಾಗಿಲು ತಟ್ಟಿದ ಸದ್ದಾದರೆ ಸಾಕು, ಬರೆಯುತ್ತಾ ಕೂತವನು ಅರ್ಧ ಬರೆದ ಅಕ್ಷರವನ್ನೂ ಪೂರ್ತಿ ಮಾಡದೆ ಏಳುತ್ತಿದ್ದ. ವಾಕ್ಯ ಅಲ್ಲ, ಅಕ್ಷರ!

ನಾನು ಮನೆಯಲ್ಲೇ ಕೂತು ಅನುವಾದ ಮಾಡುವವಳು. ಒಂದು ಪ್ಯಾರಾ, ಇನ್ನೊಂದೇ ಒಂದು ಪ್ಯಾರಾ ಅಂತ ರಾತ್ರಿ ಹನ್ನೊಂದಾಗುತ್ತಿತ್ತು. ಮಗಳು ಕಥೆಗಾಗಿ ಕಾದು ಕಾದು ಮಲಗಿಬಿಡುತ್ತಿದ್ದಳು. ಈಗ ಏಳು ಗಂಟೆಗೆ ಅಲಾರಂ ಇಟ್ಟಿದ್ದೇನೆ. ವಾಕ್ಯ ಅರ್ಧಕ್ಕೆ ನಿಂತಿದ್ದರೂ ಏಳುತ್ತೇನೆ. ಮೊದಲ ವಾರ ತುಂಬಾ ಚಡಪಡಿಸಿದೆ. ಆಮೇಲೆ ಗೊತ್ತಾಯ್ತು, ಬೆಳಿಗ್ಗೆ ಖಾಲಿ ಪುಟಕ್ಕಿಂತ ಆ ಅರ್ಧ ವಾಕ್ಯದಿಂದ ಶುರು ಮಾಡುವುದು ಎಷ್ಟೋ ಸುಲಭ.

ಬೆನೆಡಿಕ್ಟರ ಇನ್ನೊಂದು ಮಾತೂ ನನಗಿಷ್ಟ. ಮಠದ ಉಗ್ರಾಣ ನೋಡಿಕೊಳ್ಳುವವನು ಅಲ್ಲಿನ ಸಾಮಾನುಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕಂತೆ. ಆಯುಧಪೂಜೆ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅಲಾರಂ ಮೀರಿ ಕೂರುವ ಚಟ ಪೂರ್ತಿ ಹೋಗಿಲ್ಲ. ಅದಕ್ಕೆ 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಸಹಾಯಕ್ಕೆ ಬಂದರು. ತಿದ್ದಿಕೊಳ್ಳಬೇಕಾದ ಒಂದೇ ಒಂದು ತಪ್ಪನ್ನು ಆರಿಸಿಕೋ ಎನ್ನುತ್ತಾರೆ ಅವರು. ದಿನಕ್ಕೆ ಎರಡು ಗೆರೆ ಎಳೆ. ಮಧ್ಯಾಹ್ನದ ಊಟದ ನಂತರ ಮೊದಲ ಗೆರೆಯ ಮೇಲೆ, ರಾತ್ರಿ ಊಟದ ನಂತರ ಎರಡನೆಯದರ ಮೇಲೆ, ಎಷ್ಟು ಸಲ ತಪ್ಪಿದೆಯೋ ಅಷ್ಟು ಚುಕ್ಕೆ ಇಡು. ಆಮೇಲೆ ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡು. ನನಗೆ ಗೋಡೆಯ ಕ್ಯಾಲೆಂಡರೇ ಸಾಕು. ಕಳೆದ ತಿಂಗಳು ಅದರಲ್ಲಿ ನಾಲ್ಕು ಚುಕ್ಕೆ. ಉಳಿದ ದಿನಗಳಲ್ಲಿ ಮಗಳು ಕಥೆ ಕೇಳಿಯೇ ಮಲಗಿದ್ದಾಳೆ.