ಒಂಟಿಗಾಲಿನ ಕೊಕ್ಕರೆ

ಭೋಪಾಲದ ಆ ಮನೆಯ ನಡುಕೋಣೆಯಲ್ಲಿ ಕುರ್ಚಿ ಇರಲಿಲ್ಲ. ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಆಚೆ ಬದಿಗೆ ಮಧ್ಯಭಾರತದ ಗೋಂಡ್ ಆದಿವಾಸಿ ಕಲಾವಿದೆ, ಈಚೆ ಬದಿಗೆ ನಾನು. ನಡುವೆ ಅರ್ಧ ಬರೆದ ಮೊಬೈಲ್ ಟವರ್.

ನಾನು ಮಾಡುವುದು ಪತ್ರಿಕೆಗಳಿಗೆ, ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ. ಒಂದು ಮುಖಪುಟಕ್ಕೆ ‘ಪರಂಪರೆಯೂ ಇರಲಿ, ಹೊಸತೂ ಇರಲಿ’ ಎಂದು ಸಂಪಾದಕರು ಕೇಳಿದ್ದರು. ಕಂಪ್ಯೂಟರಿನ ಸುತ್ತ ಹಸೆ ಚಿತ್ತಾರದ ಅಂಚು ಕಟ್ಟಿ ಕೊಟ್ಟಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಒಂದೊಂದೇ ಎಳೆ ಎಳೆಯುವ ಚಿತ್ತಾರ ಅದು. ಮುಖಪುಟವನ್ನು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಕಸಿವಿಸಿ. ಚಿತ್ತಾರಕ್ಕೂ ಕಂಪ್ಯೂಟರಿಗೂ ಅಲ್ಲಿ ಮಾತುಕತೆಯೇ ಇರಲಿಲ್ಲ. ಆ ಕಸಿವಿಸಿಯೇ ನನ್ನನ್ನು ಭೋಪಾಲಕ್ಕೆ ಕರೆದೊಯ್ದಿತ್ತು.

ಬೆಳಿಗ್ಗೆ ಭಾರತ ಭವನಕ್ಕೆ ಹೋಗಿದ್ದೆ. 1982ರಲ್ಲಿ ತೆರೆದ ಈ ಕಲಾಕೇಂದ್ರದಲ್ಲಿ ಚಿತ್ರಕಾರ ಜೆ. ಸ್ವಾಮಿನಾಥನ್ ನಗರದ ಆಧುನಿಕ ಕಲೆಯನ್ನೂ ಆದಿವಾಸಿ ಕಲೆಯನ್ನೂ ಒಂದೇ ಸೂರಿನಡಿ, ಒಂದೇ ಗೌರವದಲ್ಲಿ ಇಟ್ಟರು. ಪಾಟನ್‌ಗಢ ಎಂಬ ಹಳ್ಳಿಯ ಜನಗಢ ಸಿಂಗ್ ಶ್ಯಾಮ್ ಎಂಬ ಹುಡುಗ ಭೋಪಾಲಕ್ಕೆ ಬಂದದ್ದೂ ಆಗಲೇ. ಮಣ್ಣಿನ ಗೋಡೆಯ ಮೇಲಿನ ರೂಪಗಳು ಅವನ ಕೈಯಲ್ಲಿ ಕಾಗದಕ್ಕೆ ಇಳಿದವು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಪ್ರದರ್ಶನಕ್ಕೂ ಹೋದವು. 2001ರಲ್ಲಿ ಜಪಾನಿನಲ್ಲಿ ಆತ ತೀರಿಕೊಂಡಾಗ ಇನ್ನೂ ಚಿಕ್ಕ ವಯಸ್ಸು. ಅಷ್ಟರಲ್ಲೇ ಊರಿನ ನಂಟರಿಷ್ಟರನ್ನೆಲ್ಲ ಕರೆತಂದು ಕೈಗೆ ಕುಂಚ ಕೊಟ್ಟಿದ್ದ. ಇಂದು ‘ಜನಗಢ ಕಲಂ’ ಎನ್ನುವುದು ಈ ಬಳಗದ ಚಿತ್ರಗಳನ್ನೇ.

ನನ್ನೆದುರು ಕುಳಿತಾಕೆ ಆ ಬಳಗದ ಮುಂದಿನ ತಲೆಮಾರು. ಟವರಿನ ಹೊರರೇಖೆ ಮುಗಿದಿತ್ತು, ಒಳಗನ್ನು ತುಂಬುತ್ತಿದ್ದರು. ತೆಳ್ಳನೆಯ ಕುಂಚದ ತುದಿ ಬಣ್ಣಕ್ಕೆ ತಾಗಿ, ಬಟ್ಟೆಗೆ ತಾಗಿ, ಮೇಲೇಳುವಷ್ಟರಲ್ಲಿ ಭತ್ತದ ಕಾಳಿನಂಥ ಒಂದು ಗುರುತು. ಅದರ ಪಕ್ಕಕ್ಕೆ ಇನ್ನೊಂದು, ತುಸು ಓರೆಯಾಗಿ. ಸಾಲು ತುದಿ ಮುಟ್ಟುವವರೆಗೆ ಮಾತಿಲ್ಲ. ಗೋಂಡ್ ಕಲಾವಿದರಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಒಂದು ತುಂಬುವ ಬಗೆ ಇರುತ್ತದೆ. ಚಿತ್ರದ ಮೂಲೆಯಲ್ಲಿ ಹೆಸರಿಲ್ಲದಿದ್ದರೂ ಬಲ್ಲವರು ಇದು ಇಂಥವರದೇ ಎನ್ನುತ್ತಾರೆ. “ನಮ್ಮತ್ತೆಯದು ಸರಪಣಿ, ನನ್ನದು ಕಾಳು” ಎಂದರು ಆಕೆ, ಸಾಲು ಮುಗಿದ ಮೇಲೆ.

ಓದಿಕೊಂಡು ಹೋದದ್ದನ್ನು ಹೇಳುವ ಆಸೆ ನನಗೆ. “ಇದನ್ನು ಸಾಜಾ ಮರವಾಗಿ ಮಾಡುತ್ತೀರಿ, ಅಲ್ಲವೇ?” ಎಂದೆ. ಸಾಜಾ ಎಂದರೆ ನಮ್ಮ ಮತ್ತಿ ಮರ. ಅದರಡಿಯಲ್ಲಿ ಗೋಂಡರ ಕಥೆ ಹಾಡುವ ಪರಧಾನ ಗಾಯಕರು ಬಾನಾ ಎಂಬ ತಂತಿವಾದ್ಯ ನುಡಿಸಿ ಗೋಂಡರ ಹಿರಿದೇವರು ಬಡಾದೇವನನ್ನು ಎಬ್ಬಿಸುತ್ತಾರೆ. ಟವರೂ ಎತ್ತರ, ಮರವೂ ಎತ್ತರ. ಹೊಂದಿಕೆ ಸರಿಯಾಗಿದೆ ಎಂದೇ ನನ್ನ ಎಣಿಕೆ.

ಆಕೆ ಕುಂಚ ಕೆಳಗಿಟ್ಟರು. “ಇಲ್ಲ ದೀದಿ, ಸಾಜಾದಲ್ಲಿ ದೇವರಿದ್ದಾನೆ. ಅದರ ಕೆಳಗೆ ಕೂತರೆ ನೆರಳಿದೆ. ಇದರ ಕೆಳಗೆ ಯಾರು ಕೂರುತ್ತಾರೆ?” ಟವರಿನ ಬುಡಕ್ಕೆ ಬೆರಳಿಟ್ಟು ಮೇಲಕ್ಕೆ ಎಳೆದು ತೋರಿಸಿದರು. “ಇದು ಕೊಕ್ಕರೆ. ದಿನವಿಡೀ ಒಂಟಿಗಾಲಲ್ಲಿ ನಿಂತಿರುತ್ತದೆ. ಮಲಗಿದೆ ಅಂದುಕೊಳ್ಳುತ್ತೇವೆ. ಹತ್ತಿರ ಹಾದದ್ದು ಯಾವುದನ್ನೂ ಬಿಡುವುದಿಲ್ಲ.”

ಆಮೇಲೆ ಕಂಡಿತು. ಕಂಬಿಗಳ ಜೋಡಣೆ ಕಾಲಾಗಿತ್ತು, ತುದಿಯ ತಟ್ಟೆಗಳು ಕುತ್ತಿಗೆಯ ಕಡೆಗೆ ಬಾಗಿ ಗರಿಗಳಾಗಲು ಸಜ್ಜಾಗಿದ್ದವು. ಇಷ್ಟು ಹೊತ್ತೂ ಕಣ್ಣೆದುರೇ ಇದ್ದದ್ದು.

ನಾನು ಎತ್ತರವನ್ನಷ್ಟೇ ನೋಡಿದ್ದೆ. ಆಕೆ ಟವರಿನ ಸ್ವಭಾವ ಹುಡುಕಿದ್ದರು. ಇದೇ ಬಳಗದ ಕಲಾವಿದ ಭಜ್ಜು ಶ್ಯಾಮರ ಲಂಡನ್ ಚಿತ್ರಗಳು ಆಗ ಬೇರೆಯಾಗಿಯೇ ನೆನಪಾದವು. ಹೋಟೆಲೊಂದರ ಗೋಡೆಗೆ ಚಿತ್ರ ಬರೆಯಲೆಂದು ಲಂಡನ್ನಿಗೆ ಹೋದ ಅವರು ಅಲ್ಲಿ ಕಂಡದ್ದನ್ನೆಲ್ಲ ಬರೆದರು. 2004ರಲ್ಲಿ ಅದು ಪುಸ್ತಕವಾಯಿತು. ಅದರಲ್ಲಿ ಬಿಗ್ ಬೆನ್ ಗಡಿಯಾರವೂ ಹುಂಜವೂ ಒಂದಾಗಿವೆ: ಎರಡೂ ಹೊತ್ತು ಸಾರುವವು. ವಿಮಾನ ರೆಕ್ಕೆ ಬಂದ ಆನೆ, ಅಷ್ಟು ಭಾರದ್ದು ಹಾರಿತಲ್ಲ ಎಂಬ ಬೆರಗಿಗೆ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ ಅಂಬೇಡ್ಕರರ ಬದುಕನ್ನು ಚಿತ್ರಿಸಿದ 2011ರ ‘ಭೀಮಾಯಣ’ದಲ್ಲಿ ಮೃದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ನಂಜಿನ ಮಾತಿನ ಗುಳ್ಳೆಗೆ ಚೇಳಿನ ಕೊಂಡಿ. ನೀರು ಕೇಳಿದ ಬಾಲಕನಿಗೆ ಸಿಕ್ಕ ಉತ್ತರಕ್ಕೆ ಆ ಕೊಂಡಿಗಿಂತ ನಿಜವಾದ ರೂಪ ನನಗಂತೂ ಹೊಳೆಯದು. ಇವನ್ನು ‘ಹಳೆಯ ಶೈಲಿಯಲ್ಲಿ ಹೊಸ ವಸ್ತು’ ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆ ನನಗೆ ಒಪ್ಪಿಗೆಯಿಲ್ಲ. ಹೊಸ ವಸ್ತು ಯಾವುದರ ನಂಟು ಎಂದು ಕೇಳಿ, ಗುರುತು ಹಿಡಿದು, ಮನೆಯೊಳಕ್ಕೆ ಕರೆದುಕೊಳ್ಳುವ ಕೆಲಸ ಇದು. ನನ್ನ ಮುಖಪುಟದ ಕಂಪ್ಯೂಟರನ್ನು ನಾನು ಏನನ್ನೂ ಕೇಳಿರಲಿಲ್ಲ. ಅಂಚು ಕಟ್ಟಿ ಹೊಸಿಲಾಚೆಯೇ ನಿಲ್ಲಿಸಿದ್ದೆ.

“ಹೀಗೆ ಟವರ್, ಬಸ್ ಎಲ್ಲ ಬರೆದರೆ ನಿಮ್ಮ ಹಿರಿಯರು ಬೇಸರಪಡುವುದಿಲ್ಲವೇ?” ಎಂದು ಕೇಳಿದೆ. ಆಕೆಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತೇನೋ. “ಅವರು ತಮ್ಮ ಬಾಗಿಲಿಂದ ಕಂಡದ್ದನ್ನು ಬರೆದರು. ನನ್ನ ಬಾಗಿಲಿಂದ ಇದು ಕಾಣುತ್ತದೆ” ಎಂದು ಕಿಟಕಿಯತ್ತ ತಲೆ ತಿರುಗಿಸಿದರು. ಎದುರು ಮನೆಯ ತಾರಸಿಯ ಮೇಲೆ ಟವರ್ ನಿಂತಿತ್ತು.

ಮಧ್ಯಾಹ್ನ ಇಳಿಯುವವರೆಗೆ ಅಲ್ಲೇ ಇದ್ದೆ. ಕಾಲು ತುಂಬಿತು, ಕುತ್ತಿಗೆ ತುಂಬಿತು. ಹೊಟ್ಟೆಯ ಜಾಗ ಮಾತ್ರ ಬಿಳಿಯಾಗಿಯೇ ಉಳಿಯಿತು. ಗೋಂಡ್ ಚಿತ್ರಗಳಲ್ಲಿ ಬಸಿರಿ ಜಿಂಕೆಯ ಹೊಟ್ಟೆಯೊಳಗಿನ ಮರಿಯನ್ನೂ ಕಾಣುವಂತೆ ಬರೆಯುವುದುಂಟು. ಇಲ್ಲಿಯೂ ಏನಾದರೂ ಬರುತ್ತದೆ ಎಂದು ಕಾಯುತ್ತಿದ್ದೆ. ಮೀನೇ, ಹಕ್ಕಿಯೇ, ಮನುಷ್ಯರ ಮಾತೇ ಎಂದು ಕೇಳಿಯೂ ಕೇಳಿದೆ.

“ಏನು ನುಂಗಿದೆಯೋ ನನಗಿನ್ನೂ ಗೊತ್ತಾಗಿಲ್ಲ ದೀದಿ” ಎಂದು ಆಕೆ ಕುಂಚವನ್ನು ನೀರಿನಲ್ಲಿ ಅಲುಗಿಸಿ, ಸೆರಗಿನ ತುದಿಗೆ ಒರೆಸಿ, ಟೀ ಮಾಡಲು ಎದ್ದರು.