ಬಲೂನು ನುಂಗಿದ ದಿನ, ಮತ್ತೆ ಮೂರು ದಿನ

ತೂಕ ಇಳಿಸಲೆಂದು ಜಠರದಲ್ಲಿ ಜಾಗ ಹಿಡಿದು ಹಸಿವು ತಗ್ಗಿಸುವ ಬಲೂನನ್ನು ನುಂಗಿ ಮುಗಿಸಲು ಸುಮಾರು 20 ನಿಮಿಷ ಸಾಕು. ಬರುವವರ ಪ್ರಶ್ನೆಗಳೆಲ್ಲ ಆ 20 ನಿಮಿಷದ ಸುತ್ತಲೇ: ಗಂಟಲಲ್ಲಿ ಸಿಕ್ಕಿಕೊಂಡರೆ? ಉಸಿರು ಕಟ್ಟಿದರೆ? ಕಷ್ಟವಿರುವುದು ಆಮೇಲಿನ ಮೂರು ದಿನಗಳಲ್ಲಿ. ಅದನ್ನು ಕೇಳುವವರು ಕಡಿಮೆ.

ತಯಾರಿ ಮೊದಲೇ ಶುರುವಾಗಿರುತ್ತದೆ. ಬಲೂನು ಜಠರದ ಒಳಪದರಕ್ಕೆ ಉಜ್ಜುತ್ತಲೇ ಇರುವುದರಿಂದ ಹುಣ್ಣಾಗದಂತೆ ಆಮ್ಲ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಿಲ್ಲಿಸಬೇಕು. ವಾಂತಿ ತಡೆಯುವ ಔಷಧಿ ನುಂಗುವ ಮೊದಲೇ ಒಳಗಿರಬೇಕು. ವಾಂತಿ ಹತ್ತಿದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಮುಚ್ಚಿಡದೆ ಹೇಳಿ. ಒಳಗೆ ಕರುಳು ಅಂಟಿಕೊಂಡಿದ್ದರೆ, ಮುಂದೆ ಖಾಲಿಯಾದ ಬಲೂನು ಅಲ್ಲೇ ಸಿಕ್ಕಿಬೀಳಬಹುದು. ಗರ್ಭಿಣಿಯರಿಗೆ, ಜಠರದಲ್ಲಿ ಹುಣ್ಣಿರುವವರಿಗೆ, ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಜಾರಿರುವುದು) ಇರುವವರಿಗೆ ಇದು ಬೇಡ.

ಹೆಚ್ಚು ಬಳಕೆಯಲ್ಲಿರುವುದು ಅಲ್ಯೂರಿಯನ್ ಬಲೂನು. ಎಂಡೋಸ್ಕೋಪಿಯೂ (ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸುವುದು) ಬೇಡ, ಅರಿವಳಿಕೆಯೂ ಬೇಡ. ಮಡಚಿದ ಬಲೂನು ಕ್ಯಾಪ್ಸೂಲಿನೊಳಗಿರುತ್ತದೆ, ಅದಕ್ಕೊಂದು ಸಪೂರ ನಳಿಕೆ. ನೆಟ್ಟಗೆ ಕೂತು, ನೀರಿನ ದೊಡ್ಡ ಗುಟುಕಿನ ಜೊತೆ ಒಂದೇ ಸಲಕ್ಕೆ ನುಂಗಬೇಕು. ಹೆದರಿ ಬಾಯಲ್ಲೇ ಇಟ್ಟುಕೊಂಡು ಕೂತರೆ ಕ್ಯಾಪ್ಸೂಲು ಮೆತ್ತಗಾಗುತ್ತದೆ, ಕೆಲಸ ಇನ್ನೂ ಕಷ್ಟವಾಗುತ್ತದೆ. ಕೆಲವರಿಗೆ ಏನು ಮಾಡಿದರೂ ಇಳಿಯುವುದಿಲ್ಲ. ಆಗ ನಳಿಕೆಯೊಳಗೆ ತೆಳು ತಂತಿ ಹಾಕಿ, ಅದನ್ನು ಸ್ವಲ್ಪ ಗಟ್ಟಿ ಮಾಡಿ, ಕೆಳಗೆ ಹೋಗಲು ನೆರವಾಗುತ್ತಾರೆ.

ಇನ್ನು ಎಕ್ಸ್‌ರೇ. ಇಡೀ ದಿನದಲ್ಲಿ ಅವಸರ ಕೂಡದ ಹೆಜ್ಜೆ ಇದೊಂದೇ. ಬಲೂನು ಅನ್ನನಾಳದಲ್ಲೇ ನಿಂತಿರುವಾಗ ದ್ರವ ತುಂಬಿದರೆ ನಾಳ ಹರಿಯುವ ಅಪಾಯವಿದೆ. ಜಠರ ತಲುಪಿದ್ದು ಕಂಡ ಮೇಲೆಯೇ ನಳಿಕೆಯ ಮೂಲಕ 550 ಮಿಲಿಲೀಟರ್ ದ್ರವ ಬಿಡುತ್ತಾರೆ. ಹೊಟ್ಟೆ ಬಿಗಿದಂತಾಗುವುದು ಸಹಜ. ಎದೆ ನೋವು ಬಂದರೆ ಸುಮ್ಮನಿರದೆ ಕೈ ಎತ್ತಿ. ಇನ್ನೊಂದು ಎಕ್ಸ್‌ರೇ ಆದ ಮೇಲೆ ನಳಿಕೆಯನ್ನು ಎಳೆದು ತೆಗೆಯುತ್ತಾರೆ. ನಡೆದುಕೊಂಡೇ ಮನೆಗೆ ಹೋಗಬಹುದು.

ಕೆಲವು ಗಂಟೆಗಳಲ್ಲೇ ವಾಕರಿಕೆ ಶುರುವಾಗುತ್ತದೆ, ಹಿಂದೆಯೇ ಹೊಟ್ಟೆ ಹಿಂಡುವ ನೋವು. ಒಳಗಿರುವುದು ಕರಗದ ಊಟವೆಂದೇ ಜಠರಕ್ಕೆ ಅನಿಸುತ್ತದೆ, ಮುಂದಕ್ಕೆ ತಳ್ಳಲು ಒದ್ದಾಡುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ಹೊಂದಿಕೊಳ್ಳುತ್ತದೆ. ಅಷ್ಟು ದಿನ ಗುಟುಕು ಗುಟುಕಾಗಿ ತಿಳಿ ದ್ರವ ಮಾತ್ರ. ಲೋಟ ಎತ್ತಿ ಗಟಗಟ ಕುಡಿದರೆ ಎಲ್ಲ ವಾಪಸು. ಮೂತ್ರ ಕಡು ಹಳದಿಯಾಗಿ ಕಡಿಮೆಯಾದರೆ, ನಿಂತರೆ ತಲೆ ಸುತ್ತಿದರೆ, ಮೈಯಲ್ಲಿ ನೀರು ಬತ್ತಿದೆ ಎಂದರ್ಥ, ಡ್ರಿಪ್ ಬೇಕಾಗಬಹುದು. ಈ ದಿನಗಳಿಗೆ ರಜೆ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ತೀರಾ ತಡೆಯಲಾಗದವರಿಗೆ ಎಂಡೋಸ್ಕೋಪಿಯಲ್ಲಿ ಬಲೂನು ತೆಗೆಯುವುದೂ ಉಂಟು. ಅದನ್ನು ಸೋಲು ಅಂದುಕೊಳ್ಳಬೇಕಿಲ್ಲ.

ಊಟ ಮೆಲ್ಲಗೆ ದ್ರವದಿಂದ ಹಿಸುಕಿ ಮೆತ್ತಗಾಗಿಸಿದ್ದಕ್ಕೆ, ಅಲ್ಲಿಂದ ಗಟ್ಟಿ ಆಹಾರಕ್ಕೆ ಹೋಗುತ್ತದೆ. ಹಸಿವು ತಗ್ಗಿದ್ದರಿಂದ ಪ್ರೋಟೀನು ಮರೆತುಹೋಗುತ್ತದೆ. ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸಕ್ಕರೆ ಕಾಯಿಲೆಯವರು ಅದೇ ಹಳೆಯ ಡೋಸ್ ಮುಂದುವರಿಸಿದರೆ ಸಕ್ಕರೆ ತೀರಾ ಇಳಿಯಬಹುದು. ಇನ್ನು ಸಿಹಿ ಪಾನೀಯ, ಐಸ್‌ಕ್ರೀಮ್: ಇವು ಬಲೂನಿನ ಪಕ್ಕದಿಂದ ಸರಾಗ ಜಾರಿಹೋಗುತ್ತವೆ, ಅದು ತಡೆಯುವುದಿಲ್ಲ.

ಸುಮಾರು 16 ವಾರಕ್ಕೆ ಬಲೂನಿನ ಕವಾಟ ತಾನೇ ತೆರೆದು ಅದು ಖಾಲಿಯಾಗುತ್ತದೆ, ಸಾಮಾನ್ಯವಾಗಿ ಮಲದಲ್ಲಿ ಹೊರಬೀಳುತ್ತದೆ. ಅಷ್ಟರಲ್ಲಿ 100 ಕಿಲೋ ಇದ್ದವರು ಸುಮಾರು 10ರಿಂದ 15 ಕಿಲೋ ಇಳಿದಿರಬಹುದು. ಚೆನ್ನಾಗಿದ್ದವರಿಗೆ ವಾರಗಳ ನಂತರ ಮತ್ತೆ ವಾಂತಿ ಶುರುವಾದರೆ, ಅಥವಾ ಹೊಟ್ಟೆ ಉಬ್ಬಿ ನೋವಾಗಿ ಗಾಳಿಯೂ ಹೋಗದಿದ್ದರೆ, ಅದು ಮೊದಲ ವಾರದ ವಾಕರಿಕೆಯಲ್ಲ. ಬಲೂನು ಜಠರದ ಬಾಗಿಲಿಗೋ ಕರುಳಿಗೋ ಅಡ್ಡ ನಿಂತಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಿ, ಒಳಗೆ ಬಲೂನಿದೆ ಎಂದು ಮೊದಲೇ ಹೇಳಿಬಿಡಿ.