ಮೊದಲ ಕಡಿತಕ್ಕೆ ಮುಂಚಿನ ಅರ್ಧ ಗಂಟೆ

ಜಾಂಬಿ ಕಾದಂಬರಿ ಕೈಗೆತ್ತಿಕೊಂಡವರಿಗೆ ಜಾಂಬಿ ಬರುತ್ತೆ ಅಂತ ಮುಖಪುಟ ನೋಡಿದಾಗಲೇ ಗೊತ್ತು. ಹಾಗಿರುವಾಗ ಬರೆಯುವವರು ಇಡೀ ಮೊದಲ ಅಧ್ಯಾಯ "ಏನದು? ಏನದು?" ಅಂತ ಸತಾಯಿಸುವುದು ದಂಡ. ಅದು ಯಾರ ಕಣ್ಣಿಗೆ ಮೊದಲು ಬೀಳುತ್ತೆ, ಬಿದ್ದ ಮೇಲೆ ಅವರ ಕೈಯಲ್ಲಿ ಎಷ್ಟು ಹೊತ್ತಿದೆ ಅನ್ನೋದಷ್ಟೇ ಓದುಗರಿಗೆ ಬೇಕು.

ಆ ಹೊತ್ತನ್ನೇ ಮೊದಲು ಲೆಕ್ಕ ಹಾಕಿ. ಕಚ್ಚಿಸಿಕೊಂಡವನು 30 ಸೆಕೆಂಡಿನಲ್ಲಿ ತಾನೂ ಜಾಂಬಿಯಾಗುತ್ತಾನೆ ಅಂದರೆ ಬೆಂಗಳೂರಿನ ಮೆಜೆಸ್ಟಿಕ್‌ನಂಥ ಜನಜಂಗುಳಿಯಲ್ಲೇ ಶುರು ಮಾಡಬೇಕು. ಗಾಯ ಮುಚ್ಚಿಡುವ ದೃಶ್ಯದ ಆಸೆ ಬಿಡಿ. ಮೂರು ಗಂಟೆ ಕೊಟ್ಟರೆ ಕತೆಯೇ ಬೇರೆ. ವೈಟ್‌ಫೀಲ್ಡ್‌ನಲ್ಲಿ ಕಚ್ಚಿಸಿಕೊಂಡವನು ನೇರಳೆ ಮಾರ್ಗದ ಮೆಟ್ರೋ ಹತ್ತಿ, ಸುಮಾರು 43 ಕಿ.ಮೀ. ಕೂತು ಚಲ್ಲಘಟ್ಟದಲ್ಲಿ ಇಳಿದು, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಹುದು. (ಕತೆ 2023ರ ಅಕ್ಟೋಬರ್‌ಗಿಂತ ಹಿಂದಿನದಾದರೆ ಇದಾಗದು. ಮಾರ್ಗ ಈ ತುದಿಯಿಂದ ಆ ತುದಿಗೆ ತೆರೆದದ್ದೇ ಆಗ.)

ಆಸ್ಪತ್ರೆಯಲ್ಲಿ ವಾರಗಟ್ಟಲೆ ಎಚ್ಚರ ತಪ್ಪಿ ಮಲಗಿ, ಖಾಲಿ ಊರಿಗೆ ಕಣ್ಣು ಬಿಡುವ ನಾಯಕ ಸವಕಲಾಗಿದ್ದಾನೆ. ಅದೂ ಹೋಗಲಿ, 500 ಮಿ.ಲೀ. ಸಲೈನ್ ಗಂಟೆಗೆ 100ರ ಲೆಕ್ಕದಲ್ಲಿ ಐದೇ ಗಂಟೆಗೆ ಮುಗಿಯುತ್ತೆ. ಬಾಟಲಿ ಬದಲಿಸೋರು ಯಾರು? ನೀರಿಲ್ಲದೆ ಕೆಲವು ದಿನಕ್ಕೇ ಅವನ ಕತೆ ಮುಗಿದಿರುತ್ತೆ.

ಊರು ಕೆಟ್ಟಿದ್ದು ಮೊದಲು ಗೊತ್ತಾಗುವುದು ನಸುಕಿಗೇ ಎದ್ದು ದುಡಿಯುವವರಿಗೆ: ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ಪೌರಕಾರ್ಮಿಕರು, ಹಾಲಿನ ಬೂತಿನವರು. ಹೀಗೆ ತೆರೆದು ನೋಡಿ:

"ಐದೂಕಾಲಾದರೂ ಹಾಲಿನ ಕ್ರೇಟುಗಳನ್ನು ಯಾರೂ ಒಳಗೆ ಎಳೆದುಕೊಂಡಿರಲಿಲ್ಲ. ಒಂದು ನೀಲಿ ಪ್ಯಾಕೆಟ್ ಒಡೆದು ಹಾಲು ಮೆಟ್ಟಿಲಿಳಿದು ಮೋರಿ ಸೇರುತ್ತಿತ್ತು. ಬೀದಿಯ ನಾಲ್ಕೂ ನಾಯಿಗಳು ಎದುರಿನ ಫುಟ್‌ಪಾತಿನಲ್ಲಿ ಕೂತಿದ್ದವು. ಒಂದೂ ಹತ್ತಿರ ಬರಲಿಲ್ಲ."

ರಕ್ತವಿಲ್ಲ, ಕಿರುಚಾಟವಿಲ್ಲ. ಹಾಲು ಬಿಟ್ಟುಕೂತ ನಾಯಿ ಸಾಕು. ಕೆಡುವುದು ಐದನೇ ವಾಕ್ಯದಲ್ಲಿ: "ಏನೋ ಅನಾಹುತ ಕಾದಿದೆ ಎಂದು ಅವಳಿಗನ್ನಿಸಿತು" ಅಂತ ಬರೆಯಲು ಕೈ ತುರಿಸುತ್ತೆ. ಹೊಡೆದುಹಾಕಿ. ಟೀವಿ ಆಂಕರ್ ಬಾಯಲ್ಲಿ ವೈರಸ್ಸಿನ ಜಾತಕ ಹೇಳಿಸುವುದೂ ಬೇಡ.

ಇನ್ನು ನೀರು. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಮೂರು ಹಂತದಲ್ಲಿ ಪಂಪ್ ಮಾಡಿ ಮೇಲೆತ್ತಬೇಕು. ಕರೆಂಟ್ ಹೋದರೆ ಅದೂ ಹೋಯಿತು. ಆದರೂ ಎಷ್ಟೋ ಹಸ್ತಪ್ರತಿಗಳಲ್ಲಿ ಎರಡನೇ ತಿಂಗಳಲ್ಲೂ ನಾಯಕಿ ಶವರ್ ಕೆಳಗೆ ನಿಂತು ಅಳುತ್ತಾಳೆ! ತಾರಸಿಯ 1000 ಲೀಟರ್ ಟ್ಯಾಂಕು, ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್: ಎರಡು ದಿನವೂ ಬರುವುದಿಲ್ಲ. ಕುಡಿಯಲು ಮಾತ್ರ ತಲಾ 3 ಲೀಟರ್ ಅಂದರೆ 80 ದಿನ ದಾಟುತ್ತೆ. ಸಂಪಿನಲ್ಲಿ ಇನ್ನೂ ನೀರಿದೆ, ಮೋಟರ್ ಓಡುತ್ತಿಲ್ಲ. ಹಗ್ಗ ಕಟ್ಟಿದ ಬಕೆಟ್ಟೇ ಗತಿ, ಆ ಬಕೆಟ್ಟು ಸದ್ದು ಮಾಡುತ್ತೆ. ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ಮೊದಲ ಅಧ್ಯಾಯಕ್ಕೆ ನಲ್ಲಿ ಗೊರಗುಟ್ಟಿ ನಿಂತರೆ ಸಾಕು.

ಕೊನೆಗೆ ಹೆಸರಿನ ತಲೆನೋವು. ಬೂತಿನ ಹೆಂಗಸು "ಜಾಂಬಿ" ಅಂದರೆ ಕಿವಿಗೆ ಒಗ್ಗದು. ಅವಳ ಮಗ ಅನ್ನಬಹುದು. ಹೆಣದೊಳಗೆ ಹೊಕ್ಕುವ ಬೇತಾಳ ನಮ್ಮಲ್ಲೇ ಇದ್ದಾನೆ. 1990ರ ದಶಕದಲ್ಲಿ, ದೆವ್ವ ಓದಿ ವಾಪಸ್ ಹೋಗಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದ ಊರಿದು, ಅದನ್ನು ನೆನಪಿಟ್ಟ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ ಚೆನ್ನ. ಜಾಂಬಿಗೆ ಓದಲು ಬರುವುದಿಲ್ಲ ಅನ್ನೋದು ಅವಳಿಗೆ ಗೊತ್ತಿಲ್ಲ. ಆದರೆ ಆ ದೃಶ್ಯವನ್ನು ಮೊದಲ ಪುಟದಲ್ಲೇ ಖರ್ಚು ಮಾಡಬೇಡಿ. ಕದ ಬಡಿಯುವ ಸದ್ದು ಕೇಳುವವರೆಗೆ ಸೀಮೆಸುಣ್ಣ ಅವಳ ಎಲೆಅಡಿಕೆ ಡಬ್ಬಿಯಲ್ಲೇ ಇರಲಿ.